ಮಲ್ಟಿಕಾಸ್ಟ್ ಟೇಬಲ್ ತುಂಬುತ್ತಾ ಬಂದಾಗ ನಾವು ಮಾಡಿದ್ದು

ನಾನು ನೋಡಿಕೊಳ್ಳುತ್ತಿದ್ದದ್ದು ಒಂದು ಪ್ರೈವೇಟ್ ಕ್ಲೌಡ್‌ನ ನೆಟ್‌ವರ್ಕ್. ಕೆಳಗೆ ಲೀಫ್-ಸ್ಪೈನ್ ಸ್ವಿಚ್‌ಗಳು (ಲೀಫ್‌ಗೆ ಸರ್ವರ್‌ಗಳು ಸೇರುತ್ತವೆ, ಸ್ಪೈನ್ ಲೀಫ್‌ಗಳನ್ನು ಒಂದಕ್ಕೊಂದು ಬೆಸೆಯುತ್ತದೆ), ಅದರ ಮೇಲೆ ವಿಎಕ್ಸ್‌ಲ್ಯಾನ್, ಅಂದರೆ ಒಂದೇ ಭೌತಿಕ ನೆಟ್‌ವರ್ಕ್ ಮೇಲೆ ಹಲವು ಬೇರೆ ಬೇರೆ ನೆಟ್‌ವರ್ಕ್‌ಗಳನ್ನು ಓಡಿಸುವ ವಿಧಾನ. ಇದೇ ಕೆಲಸದ ಹಳೆಯ ವಿಧಾನವಾದ ವಿಎಲ್ಯಾನ್‌ನಲ್ಲಿ ನಂಬರ್‌ಗಳು 4094ಕ್ಕೇ ಮುಗಿಯುತ್ತವೆ. ವಿಎಕ್ಸ್‌ಲ್ಯಾನ್‌ನಲ್ಲಿ ನಂಬರ್‌ಗೆ 24 ಬಿಟ್ ಇರುವುದರಿಂದ ಸುಮಾರು 1.68 ಕೋಟಿ ನೆಟ್‌ವರ್ಕ್‌ಗಳಿಗೆ ಜಾಗವಿದೆ.

ಕಷ್ಟ ಶುರುವಾದದ್ದು ಒಂದು ಕಡೆಯಿಂದ ಹಲವು ಕಡೆಗೆ ಹೋಗಬೇಕಾದ ಪ್ಯಾಕೆಟ್‌ಗಳಿಂದ. ವಿಎಕ್ಸ್‌ಲ್ಯಾನ್ ವಿವರಿಸುವ ತಾಂತ್ರಿಕ ದಾಖಲೆಯಾದ 2014ರ ಆರ್‌ಎಫ್‌ಸಿ 7348ರಲ್ಲಿ ಇರುವಂತೆ ಪ್ರತಿ ನೆಟ್‌ವರ್ಕ್‌ಗೂ ಒಂದು ಮಲ್ಟಿಕಾಸ್ಟ್ ಗ್ರೂಪ್ ಕೊಟ್ಟಿದ್ದೆವು; ಆ ಗ್ರೂಪ್‌ನ ವಿಳಾಸಕ್ಕೆ ಕಳಿಸಿದ ಪ್ಯಾಕೆಟ್ ಅದರ ಸದಸ್ಯರಿಗೆಲ್ಲ ತಲುಪುತ್ತದೆ. ನೆಟ್‌ವರ್ಕ್‌ಗಳು ಹೆಚ್ಚಿದ ಹಾಗೆ ಸ್ಪೈನ್ ಸ್ವಿಚ್‌ನ ಮಲ್ಟಿಕಾಸ್ಟ್ ಟೇಬಲ್, ಅಂದರೆ ಯಾವ ಗ್ರೂಪ್‌ನ ಪ್ಯಾಕೆಟ್ ಎತ್ತ ಹೋಗಬೇಕೆಂಬ ಪಟ್ಟಿ, ತುಂಬುತ್ತಾ ಬಂತು.

ಇದಕ್ಕೆ ಕಾರಣ ವಿಳಾಸದ ಸ್ವಭಾವದಲ್ಲೇ ಇದೆ. ಒಂದೇ ಕಡೆಗೆ ಕಳಿಸುವ ಯೂನಿಕಾಸ್ಟ್ ಆದರೆ ಒಂದು ರ‍್ಯಾಕ್‌ನ ವಿಳಾಸಗಳನ್ನೆಲ್ಲ ಒಂದೇ ಪ್ರಿಫಿಕ್ಸ್‌ನಲ್ಲಿ (ವಿಳಾಸಗಳ ಸಮಾನವಾದ ಮೊದಲ ಭಾಗ) ಹಿಡಿಸಬಹುದು. 239.1.1.1 ಎಂಬ ಗ್ರೂಪ್ ವಿಳಾಸ ನೋಡಿದರೆ ಅದರ ಸದಸ್ಯರು ಎಲ್ಲಿದ್ದಾರೆ ಅಂತ ಏನೂ ತಿಳಿಯುವುದಿಲ್ಲ, ಅಲ್ವಾ? ಹಾಗಾಗಿ ಪ್ರತಿ ಗ್ರೂಪ್‌ಗೂ ಬೇರೆ ಸಾಲು ಬೇಕೇ ಬೇಕು. ಹಲವು ನೆಟ್‌ವರ್ಕ್‌ಗಳನ್ನು ಒಂದೇ ಗ್ರೂಪ್‌ಗೆ ಸೇರಿಸಿ ನೋಡಿದೆವು. ಟೇಬಲ್ ಹಗುರವಾಯಿತು, ಆದರೆ ಸಂಬಂಧವೇ ಇಲ್ಲದ ಲೀಫ್‌ಗಳಿಗೂ ಪ್ಯಾಕೆಟ್ ಸುಮ್ನೆ ಹೋಗತೊಡಗಿತು.

ಆಮೇಲೆ ಬಿಜಿಪಿ ಇವಿಪಿಎನ್ ತಂದೆವು, ಅಂದರೆ ಲೀಫ್‌ಗಳು ತಮ್ಮಲ್ಲಿ ಇರುವುದನ್ನು ಪರಸ್ಪರ ತಿಳಿಸಿಕೊಳ್ಳುವ ವಿಧಾನ. ಅದರ ಟೈಪ್ 3 ರೂಟ್ ಎಂಬ ಸಂದೇಶದ ಮೂಲಕ ಪ್ರತಿ ಲೀಫ್ 'ಈ ನೆಟ್‌ವರ್ಕ್ ನನ್ನಲ್ಲಿದೆ' ಎಂದು ಉಳಿದವರಿಗೆ ತಿಳಿಸುತ್ತದೆ. ಕಳಿಸುವ ಲೀಫೇ ಪ್ಯಾಕೆಟ್‌ನ ಪ್ರತಿಗಳನ್ನು ಮಾಡಿ ಯೂನಿಕಾಸ್ಟ್ ಆಗಿ ಕಳಿಸುತ್ತದೆ. ಸ್ಪೈನ್‌ಗೆ ಗ್ರೂಪ್‌ನ ನೆನಪೇ ಬೇಡ. ಎಆರ್‌ಪಿ ('ಈ ಐಪಿ ವಿಳಾಸ ಯಾರದ್ದು?' ಎಂದು ನೆಟ್‌ವರ್ಕ್‌ನಲ್ಲಿ ಎಲ್ಲರನ್ನೂ ಕೇಳುವ ಪ್ರಶ್ನೆ) ಸಪ್ರೆಶನ್ ಹಾಕಿದ್ದು ಇನ್ನೂ ದೊಡ್ಡ ಲಾಭ. ಲೀಫ್ ತನಗೆ ಗೊತ್ತಿರುವ ವಿಳಾಸಕ್ಕೆ ತಾನೇ ಉತ್ತರ ಕೊಡುವುದರಿಂದ ಪ್ರತಿ ಮಾಡಬೇಕಾದ ಪ್ಯಾಕೆಟ್‌ಗಳೇ ಕಡಿಮೆಯಾದವು.

ಹೀಗೆ ಪ್ರತಿ ಮಾಡುವುದರ ಖರ್ಚು ಬೀಳುವುದು ಲೀಫ್‌ನಿಂದ ಸ್ಪೈನ್‌ಗೆ ಹೋಗುವ ಅಪ್‌ಲಿಂಕ್ ಮೇಲೆ. ಒಂದು ನೆಟ್‌ವರ್ಕ್ 40 ಲೀಫ್‌ಗಳಲ್ಲಿ ಹರಡಿದ್ದರೆ ಒಂದು ಪ್ಯಾಕೆಟ್‌ಗೆ 39 ಪ್ರತಿ. 100 ಎಂಬಿಪಿಎಸ್ ಸ್ಟ್ರೀಮ್ ಕಳಿಸುವ ಲೀಫ್‌ನಿಂದ 3.9 ಜಿಬಿಪಿಎಸ್ ಹೊರಡುತ್ತದೆ. ಅದಕ್ಕೇ ಎಲ್ಲವನ್ನೂ ಬದಲಿಸಲಿಲ್ಲ. ಇಂಥ ಪ್ಯಾಕೆಟ್‌ಗಳು ಕಡಿಮೆ ಇರುವ ನೆಟ್‌ವರ್ಕ್‌ಗಳನ್ನೆಲ್ಲ ಹೊಸ ದಾರಿಗೆ ಹಾಕಿದೆವು. ದೊಡ್ಡ ಸ್ಟ್ರೀಮ್ ಹರಿಯುವ ಕೆಲವೇ ನೆಟ್‌ವರ್ಕ್‌ಗಳಿಗೆ ಮಲ್ಟಿಕಾಸ್ಟ್ ಉಳಿಸಿ, ಒಂದೊಂದಕ್ಕೂ ಅದರದ್ದೇ ಗ್ರೂಪ್ ಕೊಟ್ಟೆವು. ಈ ವಿಂಗಡಣೆಗೆ ಹಿಡಿದಷ್ಟು ಸಮಯ ಕಾನ್ಫಿಗ್ ಬರೆಯಲು ಹಿಡಿಯಲಿಲ್ಲ. ಯಾವ ನೆಟ್‌ವರ್ಕ್ ಎಷ್ಟು ಲೀಫ್‌ಗಳಲ್ಲಿದೆ, ಅದರಲ್ಲಿ ಬ್ರಾಡ್‌ಕಾಸ್ಟ್ ಮತ್ತು ಮಲ್ಟಿಕಾಸ್ಟ್ ಎಷ್ಟು ಹರಿಯುತ್ತದೆ ಎಂಬ ಲೆಕ್ಕ ಮೊದಲು ಕೈಗೆ ಬರಬೇಕು.

ನನಗೆ ತುಂಬಾ ಇಷ್ಟವಾದದ್ದು ಬಿಯರ್ (BIER) ಎಂಬ ವಿಧಾನ. 2017ರ ಆರ್‌ಎಫ್‌ಸಿ 8279ರಲ್ಲಿದೆ. ತಲುಪಬೇಕಾದ ತುದಿಗಳ ಪಟ್ಟಿಯನ್ನು ಬಿಟ್‌ಗಳಾಗಿ ಪ್ಯಾಕೆಟ್‌ನ ಹೆಡರ್‌ನಲ್ಲೇ ಬರೆಯುತ್ತಾರೆ. ನಡುವಿನ ಸ್ವಿಚ್ ಗ್ರೂಪ್‌ಗಳನ್ನು ನೆನಪಿಡಬೇಕಿಲ್ಲ, ಒಂದು ಲಿಂಕ್‌ನಲ್ಲಿ ಒಂದೇ ಪ್ಯಾಕೆಟ್‌ನ ಹಲವು ಪ್ರತಿಗಳೂ ಓಡುವುದಿಲ್ಲ. ನಮ್ಮ ಸ್ವಿಚ್‌ಗಳ ಚಿಪ್‌ನಲ್ಲಿ ಆ ಸೌಲಭ್ಯ ಇರಲಿಲ್ಲ. ಮುಂದಿನ ಸಲ ಸ್ವಿಚ್ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳಲ್ಲಿ ಅದನ್ನೂ ಸೇರಿಸಿದ್ದೇನೆ.