ಮೂಲ ಪ್ರಮಾಣಪತ್ರ ಕೈಯಲ್ಲಿಲ್ಲದಾಗ: ನಿರಾಶ್ರಿತರ ವಿದ್ಯಾರ್ಹತೆಯ ಡಿಜಿಟಲ್ ಪರಿಶೀಲನೆ ಹೇಗೆ?

ಯುದ್ಧಕ್ಕೋ ದಮನಕ್ಕೋ ಹೆದರಿ ದೇಶ ತೊರೆದವರು ತಮ್ಮ ಜೊತೆ ತರುವ ಕಾಗದಪತ್ರಗಳು ಬಹಳ ಕಡಿಮೆ. ಪದವಿ ಪ್ರಮಾಣಪತ್ರ ಮನೆಯಲ್ಲೇ ಉಳಿದಿರುತ್ತದೆ, ದಾರಿಯಲ್ಲಿ ಕಳೆದಿರುತ್ತದೆ, ಅಥವಾ ಅದನ್ನು ವಿಶ್ವವಿದ್ಯಾಲಯದಿಂದ ಪಡೆಯುವ ಮುನ್ನವೇ ಊರು ಬಿಡಬೇಕಾಗಿ ಬಂದಿರುತ್ತದೆ. ಹಾಗೆಂದು ಓದಿದ್ದು ಅಳಿಸಿಹೋಗುವುದಿಲ್ಲ. ವಿದೇಶಿ ಪ್ರಮಾಣಪತ್ರಗಳ ಮಾನ್ಯತೆಯ ವಿಷಯದಲ್ಲಿ ನಿರಾಶ್ರಿತರನ್ನು ಇತರ ವಿದೇಶಿಯರಿಗಿಂತ ಕಡೆಯಾಗಿ ನಡೆಸಿಕೊಳ್ಳಬಾರದೆಂದು 1951ರ ನಿರಾಶ್ರಿತರ ಒಪ್ಪಂದದ 22ನೇ ವಿಧಿಯೇ ಹೇಳುತ್ತದೆ. ಯುರೋಪ್ ಮಂಡಳಿ ಮತ್ತು ಯುನೆಸ್ಕೊ ಸೇರಿ ರೂಪಿಸಿದ 1997ರ ಲಿಸ್ಬನ್ ಒಪ್ಪಂದ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ದಾಖಲೆಗಳಿಂದ ಸಾಬೀತುಪಡಿಸಲು ಆಗದ ಸಂದರ್ಭದಲ್ಲೂ ನಿರಾಶ್ರಿತರ ವಿದ್ಯಾರ್ಹತೆಯನ್ನು ನ್ಯಾಯಯುತವಾಗಿ, ವಿಳಂಬವಿಲ್ಲದೆ ಅಳೆಯುವ ವಿಧಾನವನ್ನು ಸದಸ್ಯ ದೇಶಗಳು ರೂಪಿಸಿಕೊಳ್ಳಬೇಕೆಂದು ತನ್ನ ಏಳನೇ ಭಾಗದಲ್ಲಿ ಸೂಚಿಸುತ್ತದೆ. 2030ರ ಹೊತ್ತಿಗೆ ನಿರಾಶ್ರಿತ ಯುವಜನರಲ್ಲಿ ಶೇ 15ರಷ್ಟು ಮಂದಿ ಉನ್ನತ ಶಿಕ್ಷಣದಲ್ಲಿರಬೇಕೆಂಬುದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಗುರಿ. ಹಿಂದಿನ ಓದಿಗೆ ಮಾನ್ಯತೆ ಸಿಗದಿದ್ದರೆ ಈ ಗುರಿ ತಲುಪುವುದು ಕಷ್ಟ.

ಡಿಜಿಟಲ್ ಪರಿಶೀಲನೆ ಇಲ್ಲಿ ಬಹಳ ನೆರವಾಗುತ್ತದೆ, ಆದರೆ ಅದು ಉತ್ತರಿಸುವುದು ಒಂದೇ ಪ್ರಶ್ನೆಗೆ: ಈ ದಾಖಲೆಯನ್ನು ಹೇಳಿದ ಸಂಸ್ಥೆಯೇ ಕೊಟ್ಟಿದೆಯೇ, ಆಮೇಲೆ ಯಾರೂ ತಿದ್ದಿಲ್ಲವೇ ಎಂಬುದಕ್ಕೆ. ಆ ಪದವಿ ಇಲ್ಲಿನ ಯಾವ ಪದವಿಗೆ ಸಮ ಎಂಬುದು ಮೌಲ್ಯಮಾಪಕರ ಕೆಲಸ. ಅದರ ಆಧಾರದ ಮೇಲೆ ಸೀಟು ಅಥವಾ ಕೆಲಸ ಕೊಡುವುದು ವಿಶ್ವವಿದ್ಯಾಲಯದ, ಉದ್ಯೋಗದಾತರ ನಿರ್ಧಾರ. ಈ ಮೂರನ್ನೂ ಒಂದೇ ಎಂದು ತಿಳಿದ ಅರ್ಜಿದಾರರು ತಪ್ಪು ಕಚೇರಿಗೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುವುದುಂಟು.

ಮೊದಲು ಇರುವುದನ್ನೆಲ್ಲ ಒಟ್ಟುಮಾಡಿ

ಘಟಿಕೋತ್ಸವದ ಪ್ರಮಾಣಪತ್ರ ಇಲ್ಲದಿದ್ದರೂ ಓದಿನ ಕುರುಹುಗಳು ಹಲವೆಡೆ ಇರುತ್ತವೆ. ಒಂದೆರಡು ಸೆಮಿಸ್ಟರಿನ ಅಂಕಪಟ್ಟಿಯ ಫೋಟೊ, ಪರೀಕ್ಷೆಯ ಪ್ರವೇಶಪತ್ರ, ಕಾಲೇಜಿನ ಗುರುತಿನ ಚೀಟಿ, ಶುಲ್ಕದ ರಸೀದಿ, ವಿಶ್ವವಿದ್ಯಾಲಯದ ವಿಳಾಸದಿಂದ ಬಂದ ಇಮೇಲ್, ಸಹಪಾಠಿಗಳ ಗುಂಪಿನಲ್ಲಿ ಹಂಚಿಕೊಂಡ ಫಲಿತಾಂಶದ ಪಟ್ಟಿ, ಇವೆಲ್ಲ ಮೌಲ್ಯಮಾಪಕರಿಗೆ ಬೇಕಾಗುತ್ತವೆ. ಮೂಲ ಕಡತವನ್ನು ಇದ್ದ ಹಾಗೆಯೇ ಇಡಬೇಕು. ಮಸುಕಾಗಿದೆಯೆಂದು ಬಣ್ಣ ಹೆಚ್ಚಿಸುವುದು, ಅಂಚು ಕತ್ತರಿಸುವುದು, ಅಳಿಸಿದ ಅಂಕಿಯ ಮೇಲೆ ಬರೆಯುವುದು ಒಳ್ಳೆಯ ಉದ್ದೇಶದಿಂದಲೇ ಆದರೂ, ಪರಿಶೀಲಿಸುವವರ ಕಣ್ಣಿಗೆ ಅದು ತಿದ್ದುಪಡಿಯೇ. ಕಾಗದದ ಎರಡೂ ಬದಿಯ ಚಿತ್ರ ತೆಗೆಯಿರಿ. ಮೊಹರು ಮತ್ತು ನೋಂದಣಿ ಸಂಖ್ಯೆ ಹಿಂಬದಿಯಲ್ಲಿರುವುದೂ ಉಂಟು.

ಹೆಸರಿನ ಕಾಗುಣಿತ ಚಿಕ್ಕ ವಿಷಯದಂತೆ ಕಂಡರೂ ಅರ್ಜಿಗಳು ಸಿಕ್ಕಿಹಾಕಿಕೊಳ್ಳುವುದು ಬಹುಪಾಲು ಅಲ್ಲಿಯೇ. ಅರಬ್ಬಿ, ದರಿ ಅಥವಾ ತಿಗ್ರಿನ್ಯ ಭಾಷೆಯ ಒಂದೇ ಹೆಸರನ್ನು ರೋಮನ್ ಅಕ್ಷರದಲ್ಲಿ ಅಂಕಪಟ್ಟಿಯಲ್ಲಿ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೀತಿ, ಆಶ್ರಯ ನೀಡಿದ ದೇಶದ ಗುರುತಿನ ಚೀಟಿಯಲ್ಲಿ ಮತ್ತೊಂದು ರೀತಿ ಬರೆದಿರುತ್ತಾರೆ. ಹೊಂದಾಣಿಕೆ ನೋಡುವ ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ವ್ಯಕ್ತಿಗಳು. ಮೂಲ ಲಿಪಿಯಲ್ಲಿನ ಹೆಸರು, ಅದರ ಎಲ್ಲ ರೂಪಗಳು, ಯಾವ ರೂಪ ಯಾವ ದಾಖಲೆಯಲ್ಲಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಅರ್ಜಿಯ ಜೊತೆ ಲಗತ್ತಿಸಿದರೆ ಅರ್ಧ ತಕರಾರು ತಪ್ಪುತ್ತದೆ. ಸಂಗ್ರಹಿಸಿದ್ದನ್ನು ಫೋನಿನಲ್ಲಿ ಮಾತ್ರ ಇಡದೆ, ಪಾಸ್‌ವರ್ಡ್ ಇರುವ ಇನ್ನೊಂದು ಕಡೆಯೂ ಇಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ ರೂಪಿಸಿದ 'ಆರ್ಟಿಕಲ್ 26 ಬ್ಯಾಕ್‌ಪ್ಯಾಕ್' ಇಂಥ ಸುರಕ್ಷಿತ ಸಂಗ್ರಹಕ್ಕೆಂದೇ ಹುಟ್ಟಿದ್ದು.

ಯಾರನ್ನೂ ಸಂಪರ್ಕಿಸುವ ಮುನ್ನ ಒಪ್ಪಿಗೆ

ಸಾಮಾನ್ಯ ವಿದೇಶಿ ವಿದ್ಯಾರ್ಥಿಯ ಪ್ರಮಾಣಪತ್ರದ ಬಗ್ಗೆ ಅನುಮಾನ ಬಂದರೆ, ಅದನ್ನು ನೀಡಿದ ವಿಶ್ವವಿದ್ಯಾಲಯದ ಕುಲಸಚಿವರಿಗೆ ಒಂದು ಇಮೇಲ್ ಕಳುಹಿಸಿ ಕೇಳುತ್ತಾರೆ. ನಿರಾಶ್ರಿತರ ವಿಷಯದಲ್ಲಿ ಇದೇ ಇಮೇಲ್ ಅಪಾಯ ತರಬಲ್ಲದು. ಯಾವ ಸರ್ಕಾರಕ್ಕೆ ಹೆದರಿ ಒಬ್ಬರು ಓಡಿಬಂದಿದ್ದಾರೋ ಆ ಸರ್ಕಾರದ ಹಿಡಿತದಲ್ಲೇ ಆ ವಿಶ್ವವಿದ್ಯಾಲಯ ಇದ್ದರೆ, ಅವರು ಈಗ ಯಾವ ದೇಶದಲ್ಲಿದ್ದಾರೆ, ಏನು ಮಾಡಲು ಹೊರಟಿದ್ದಾರೆ ಎಂಬ ಸುಳಿವು ಕೇಳಿದವರಿಂದಲೇ ಸಿಕ್ಕಂತಾಗುತ್ತದೆ, ಮತ್ತು ಅದರ ಫಲವನ್ನು ಊರಿನಲ್ಲಿ ಉಳಿದ ತಂದೆತಾಯಿ, ಒಡಹುಟ್ಟಿದವರು ಅನುಭವಿಸಬೇಕಾಗಬಹುದು. ಇಡೀ ಪ್ರಕ್ರಿಯೆಯಲ್ಲಿ ಯಾವ ತಂತ್ರಜ್ಞಾನಕ್ಕಿಂತಲೂ ಮುಖ್ಯವಾದ ಹೆಜ್ಜೆ ಇದೇ ಎಂಬುದು ನನ್ನ ಅಭಿಪ್ರಾಯ. ಆದರೆ ಅರ್ಜಿ ನಮೂನೆಯ ಕೊನೆಯಲ್ಲಿ, 'ಒಪ್ಪಿದ್ದೇನೆ' ಎಂಬ ಚಿಕ್ಕ ಚೌಕದೊಳಗೆ ಇದನ್ನು ಮುಗಿಸಿಬಿಡುವ ಸಂಸ್ಥೆಗಳೂ ಇವೆ.

ಆದ್ದರಿಂದ ಅರ್ಜಿದಾರರು, ಅವರಿಗೆ ನೆರವಾಗುವವರು ಮೊದಲೇ ಲಿಖಿತವಾಗಿ ಕೇಳಬೇಕು: ನನ್ನ ಮಾಹಿತಿಯನ್ನು ಯಾರಿಗೆ ಕಳುಹಿಸುತ್ತೀರಿ? ನನ್ನ ದೇಶದ ಯಾವ ಕಚೇರಿಯನ್ನಾದರೂ ಸಂಪರ್ಕಿಸುತ್ತೀರಾ? ಬೇಡವೆಂದರೆ ನನ್ನ ಅರ್ಜಿಯನ್ನು ಬೇರೆ ವಿಧಾನದಲ್ಲಿ ನೋಡುತ್ತೀರಾ? ತಾಯ್ನಾಡಿನ ಸರ್ಕಾರಿ ಜಾಲತಾಣಕ್ಕೆ ಸ್ವಂತ ಗುರುತಿನ ಸಂಖ್ಯೆಯಿಂದ ಲಾಗಿನ್ ಆಗಿ ಅಂಕಪಟ್ಟಿ ಇಳಿಸಿಕೊಳ್ಳುವುದು ಸುಲಭವೆನಿಸಿದರೂ, ಯಾವಾಗ, ಎಲ್ಲಿಂದ ಲಾಗಿನ್ ಆಯಿತು ಎಂಬ ಗುರುತು ಅಲ್ಲಿ ಉಳಿಯಬಹುದು ಎಂಬುದನ್ನೂ ಮರೆಯಬಾರದು.

ಯಂತ್ರ ಪರಿಶೀಲಿಸಬಲ್ಲದ್ದನ್ನು ಯಂತ್ರಕ್ಕೆ ಬಿಡಿ

ಕೆಲವು ದೇಶಗಳಲ್ಲಿ ಶಿಕ್ಷಣ ದಾಖಲೆಗಳ ರಾಷ್ಟ್ರೀಯ ದತ್ತಾಂಶವಿದೆ. ಉಕ್ರೇನಿನ ಏಕೀಕೃತ ಎಲೆಕ್ಟ್ರಾನಿಕ್ ಶಿಕ್ಷಣ ದತ್ತಾಂಶ ಇದಕ್ಕೆ ಒಳ್ಳೆಯ ಉದಾಹರಣೆ. 2022ರ ಫೆಬ್ರುವರಿಯ ಆಕ್ರಮಣದ ನಂತರ ದೇಶ ಬಿಟ್ಟವರಲ್ಲಿ ಅನೇಕರ ಪದವಿಯನ್ನು ಅದರ ಮೂಲಕ ದೃಢಪಡಿಸಿಕೊಳ್ಳಲು ಸಾಧ್ಯವಾದದ್ದು ಆ ಸರ್ಕಾರ ಅವರಿಗೆ ಬೆದರಿಕೆಯಾಗಿರಲಿಲ್ಲ ಎಂಬ ಕಾರಣಕ್ಕೂ ಹೌದು. ಸಿರಿಯಾ, ಎರಿಟ್ರಿಯಾ, ಅಫ್ಗಾನಿಸ್ತಾನಗಳಿಂದ ಬಂದವರಿಗೆ ಈ ಅನುಕೂಲ ಅಷ್ಟು ಸಲೀಸಾಗಿ ಒದಗುವುದಿಲ್ಲ.

ಎರಡನೆಯದು ಡಿಜಿಟಲ್ ಸಹಿ ಇರುವ ಪ್ರಮಾಣಪತ್ರ. ಇಂಥ ಪ್ರಮಾಣಪತ್ರಗಳ ರಚನೆಗೆ ಡಬ್ಲ್ಯು3ಸಿ ಎಂಬ ವೆಬ್ ಮಾನದಂಡ ಸಂಸ್ಥೆ 2019ರಲ್ಲಿ ಮೊದಲ ಶಿಫಾರಸನ್ನು ಪ್ರಕಟಿಸಿತು. ವಿಶ್ವವಿದ್ಯಾಲಯ ತನ್ನ ಬಳಿಯಷ್ಟೇ ಇರುವ ಗುಪ್ತ ಕೀಲಿಯಿಂದ ದಾಖಲೆಗೆ ಸಹಿ ಹಾಕುತ್ತದೆ. ಯಾರು ಬೇಕಾದರೂ ಅದರ ಸಾರ್ವಜನಿಕ ಕೀಲಿಯಿಂದ ಆ ಸಹಿಯನ್ನು ಪರೀಕ್ಷಿಸಬಹುದು. 61 ಅಂಕವನ್ನು 81 ಎಂದು ಬದಲಿಸಿದರೆ ಸಹಿ ಹೊಂದುವುದೇ ಇಲ್ಲ. ಸಾರ್ವಜನಿಕ ಕೀಲಿ ವಿಶ್ವಾಸಾರ್ಹವಾದ ಕಡೆ ಸಿಗುವಂತಿದ್ದರೆ ವಿಶ್ವವಿದ್ಯಾಲಯವನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ, ಅಂದರೆ ಅಲ್ಲಿಗೆ ಯಾವ ಸುಳಿವೂ ಹೋಗುವುದಿಲ್ಲ. ಕಟ್ಟಡ ಬಾಂಬಿಗೆ ಉರುಳಿದ್ದರೂ ಸಹಿ ಪರೀಕ್ಷೆಗೆ ನಿಲ್ಲುತ್ತದೆ. ಆದರೆ ಈ ವರವೆಲ್ಲ ಮೊದಲೇ ಹಾಗೆ ಸಹಿ ಹಾಕಿಸಿಕೊಂಡ ದಾಖಲೆಗಳಿಗೆ ಮಾತ್ರ. ಹಳೆಯ ಕಾಗದದ ಪ್ರಮಾಣಪತ್ರವನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿದರೆ ಅದು ಡಿಜಿಟಲ್ ಪ್ರಮಾಣಪತ್ರ ಆಗುವುದಿಲ್ಲ. ಬ್ಲಾಕ್‌ಚೈನ್ (ಹಲವು ಕಂಪ್ಯೂಟರುಗಳಲ್ಲಿ ಒಟ್ಟಿಗೆ ಇಡುವ ಡಿಜಿಟಲ್ ದಾಖಲೆ ಪುಸ್ತಕ) ಎಂಬ ಮಾತು ಕೇಳಿ ಬೆರಗಾಗುವವರಿಗೂ ಇಷ್ಟು ಹೇಳಬೇಕು: ಅದರಲ್ಲಿ ಒಮ್ಮೆ ದಾಖಲಾದದ್ದು ಬದಲಾಗಿಲ್ಲ ಎಂದಷ್ಟೇ ಅದು ಖಾತ್ರಿ ಕೊಡುತ್ತದೆ. ದಾಖಲಿಸಿದ್ದೇ ಸುಳ್ಳಾಗಿದ್ದರೆ ಆ ಸುಳ್ಳೂ ಅಷ್ಟೇ ಭದ್ರ.

ಕ್ಯೂಆರ್ ಕೋಡ್ ಇದ್ದರೆ ಸ್ಕ್ಯಾನ್ ಮಾಡಿದ ಕೂಡಲೇ ತೆರೆಯುವ ಪುಟದ ಹಸಿರು ಗುರುತನ್ನು ನೋಡಿ ಸುಮ್ಮನಾಗಬೇಡಿ. ಮೇಲಿರುವ ಜಾಲತಾಣದ ವಿಳಾಸವನ್ನು ಅಕ್ಷರ ಅಕ್ಷರ ಓದಿ. ನಕಲಿ ಪ್ರಮಾಣಪತ್ರ ಮಾಡುವವರಿಗೆ ಅದಕ್ಕೊಂದು ನಕಲಿ ಜಾಲತಾಣ ಕಟ್ಟುವುದೂ ಗೊತ್ತು. ವಿಶ್ವವಿದ್ಯಾಲಯದ ಅಧಿಕೃತ ಪುಟವನ್ನು ಬೇರೆಯಾಗಿ ತೆರೆದು ಅಲ್ಲಿಂದ ಪರಿಶೀಲನೆಯ ಪುಟಕ್ಕೆ ಹೋಗುವುದೇ ಸರಿಯಾದ ಕ್ರಮ.

ಉಳಿದದ್ದಕ್ಕೆ ಸಂದರ್ಶನ

ಯಾವ ಯಂತ್ರಕ್ಕೂ ಸಿಗದ ಅರ್ಜಿಗಳನ್ನು ತಿರಸ್ಕರಿಸುವ ಬದಲು, ಅರ್ಜಿದಾರರ ಓದಿನ ವಿವರವನ್ನು ಅವರಿಂದಲೇ ಕೇಳಿ ಮರುರಚಿಸುವ ವಿಧಾನವಿದೆ. ನಾರ್ವೆಯಲ್ಲಿ ಬೆಳೆದ ಸಂದರ್ಶನ ಪದ್ಧತಿಯ ಆಧಾರದ ಮೇಲೆ ಯುರೋಪ್ ಮಂಡಳಿ 2017ರಲ್ಲಿ ನಿರಾಶ್ರಿತರಿಗಾಗಿ ಯುರೋಪಿಯನ್ ವಿದ್ಯಾರ್ಹತಾ ಪಾಸ್‌ಪೋರ್ಟ್ ಎಂಬ ಮೌಲ್ಯಮಾಪನ ದಾಖಲೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಯುನೆಸ್ಕೊ ತನ್ನದೇ ಪಾಸ್‌ಪೋರ್ಟನ್ನು 2019ರಲ್ಲಿ ಜಾಂಬಿಯಾದಲ್ಲಿ ಪ್ರಯೋಗಕ್ಕೆ ತಂದಿತು. ಅರ್ಜಿದಾರರು ವಿವರವಾದ ಪ್ರಶ್ನಾವಳಿ ತುಂಬುತ್ತಾರೆ. ಆ ದೇಶದ ಶಿಕ್ಷಣ ವ್ಯವಸ್ಥೆ ತಿಳಿದ ಮೌಲ್ಯಮಾಪಕರಿಬ್ಬರು, ಬಹಳ ಸಲ ವಿಡಿಯೊ ಮೂಲಕ, ಸಂದರ್ಶನ ಮಾಡುತ್ತಾರೆ.

ಇದು ಪರೀಕ್ಷೆಯಲ್ಲ. ಸಿವಿಲ್ ಎಂಜಿನಿಯರಿಂಗ್ ಓದಿದೆನೆಂದವರಿಗೆ ತೊಲೆಯ ಲೆಕ್ಕ ಮಾಡಲು ಹೇಳುವುದಿಲ್ಲ. ಪ್ರವೇಶ ಹೇಗೆ ಸಿಕ್ಕಿತು, ಮೂರನೇ ವರ್ಷದಲ್ಲಿ ಯಾವ ವಿಷಯಗಳಿದ್ದವು, ಅನುತ್ತೀರ್ಣರಾದರೆ ಮರುಪರೀಕ್ಷೆ ಯಾವಾಗ, ಪ್ರಾಜೆಕ್ಟಿನ ವರದಿಯನ್ನು ಯಾರ ಮುಂದೆ ಮಂಡಿಸಿದಿರಿ ಎಂದು ಕೇಳುತ್ತಾರೆ. ಅಲ್ಲಿ ಓದಿದವರು ಇದಕ್ಕೆ ತಡವರಿಸದೆ ಉತ್ತರಿಸುತ್ತಾರೆ. ಓದದವರಿಗೆ ಬಾಯಿಪಾಠ ಮಾಡಿ ಹೇಳುವುದು ಕಷ್ಟ. ಸಂದರ್ಶನಕ್ಕೆ ಮುನ್ನ ಓದಿದ ವರ್ಷಗಳು, ವಿಷಯಗಳು, ಶಿಕ್ಷಕರು, ಅಂಕ ನೀಡುವ ಕ್ರಮ ಇವನ್ನು ನೆನಪಿಸಿಕೊಂಡು ಬರೆದಿಟ್ಟುಕೊಳ್ಳಿ. ಮರೆತದ್ದನ್ನು ಮರೆತಿದ್ದೇನೆ ಎಂದೇ ಹೇಳಿ. ಊಹಿಸಿ ಹೇಳಿದ ಒಂದು ಇಸವಿ ಉಳಿದ ಸತ್ಯವನ್ನೂ ಶಂಕೆಗೆ ಒಡ್ಡುತ್ತದೆ.

ಫಲಿತಾಂಶ ಬಂದ ಮೇಲೆ

ಯುರೋಪಿಯನ್ ಪಾಸ್‌ಪೋರ್ಟಿಗೆ ಐದು ವರ್ಷಗಳ ಅವಧಿಯಿದ್ದು, ಅದರಲ್ಲಿ ವಿದ್ಯಾರ್ಹತೆ, ಕೆಲಸದ ಅನುಭವ, ಭಾಷಾಜ್ಞಾನದ ವಿವರಗಳಿರುತ್ತವೆ. ಇದು ಮೂಲ ಪದವಿಗೆ ಬದಲಿಯಲ್ಲ, ವೈದ್ಯರಾಗಿಯೋ ವಕೀಲರಾಗಿಯೋ ವೃತ್ತಿ ನಡೆಸಲು ಪರವಾನಗಿಯೂ ಅಲ್ಲ. ಅಂಥ ವೃತ್ತಿಗಳಿಗೆ ಆಯಾ ದೇಶದ ನಿಯಂತ್ರಣ ಸಂಸ್ಥೆಯ ಬಳಿ ಬೇರೆಯೇ ಅರ್ಜಿ ಹಾಕಬೇಕು. ಉನ್ನತ ಶಿಕ್ಷಣದ ಪ್ರವೇಶ ಕಚೇರಿಗೆ ಅಥವಾ ಉದ್ಯೋಗದಾತರಿಗೆ ತೋರಿಸಲು ಇದು ಸಾಕಷ್ಟು ಗಟ್ಟಿಯಾದ ಆಧಾರ.

ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಲಿಸ್ಬನ್ ಒಪ್ಪಂದಕ್ಕೆ ಬದ್ಧವಾದ ದೇಶಗಳಲ್ಲಿ ಕಾರಣ ತಿಳಿಸುವುದು ಕಡ್ಡಾಯ, ಮೇಲ್ಮನವಿಗೂ ಅವಕಾಶವಿದೆ. ಅರ್ಜಿ ನಿಯಮಗಳಿಗೆ ಹೊಂದುವುದಿಲ್ಲ ಎಂದು ತೋರಿಸಿಕೊಡುವ ಹೊಣೆ ಮೌಲ್ಯಮಾಪನ ಸಂಸ್ಥೆಯದು. 'ಮೂಲ ಪ್ರಮಾಣಪತ್ರ ಲಗತ್ತಿಸಿಲ್ಲ' ಎಂಬುದಷ್ಟೇ ಕೊಟ್ಟ ಕಾರಣವಾಗಿದ್ದರೆ, ಮೇಲ್ಮನವಿಯಲ್ಲಿ ಒಪ್ಪಂದದ ಏಳನೇ ಭಾಗವನ್ನು ಉಲ್ಲೇಖಿಸಿ, ದಾಖಲೆಯಿಲ್ಲದ ನಿರಾಶ್ರಿತರಿಗೆ ಅಲ್ಲಿರುವ ವಿಧಾನ ಯಾವುದು, ತಮ್ಮ ಅರ್ಜಿಯನ್ನು ಆ ವಿಧಾನದಲ್ಲಿ ನೋಡಲಾಗಿದೆಯೇ ಎಂದು ಕೇಳಬೇಕು.