ಅಪರೂಪದ ಸ್ಕಾಚ್ ಸಂಗ್ರಹ: ಕೊಳ್ಳುವ ಮೊದಲು ಬಾಟಲಿ ಓದಲು ಕಲಿಯಿರಿ

2023ರ ನವೆಂಬರ್‌ನಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ ಒಂದು ಬಾಟಲಿ ವಿಸ್ಕಿ ಸುಮಾರು 21.87 ಲಕ್ಷ ಪೌಂಡ್‌ಗೆ ಹೋಯಿತು. ಅದು ಮೆಕಾಲನ್ 1926. ಒಂದೇ ಪೀಪಾಯಿಯಲ್ಲಿ 60 ವರ್ಷ ಇದ್ದು, 1986ರಲ್ಲಿ ಬರೀ 40 ಬಾಟಲಿಗಳಿಗೆ ತುಂಬಿಸಿದ ವಿಸ್ಕಿ. ಇಂಥ ಸುದ್ದಿ ಓದಿದಾಗ ನಾವೂ ನಾಲ್ಕು ಬಾಟಲಿ ತೆಗೆದಿಟ್ಟರೆ ಹೇಗೆ ಎಂದು ಅನೇಕರಿಗೆ ಅನಿಸುತ್ತದೆ. ಖಂಡಿತ ಇಡಬಹುದು. ಆದರೆ ಬೆಲೆ ನೋಡಿ ಶುರು ಮಾಡಬೇಡಿ. ಸಂಗ್ರಹಿಸಬೇಕಾದದ್ದು ಮತ್ತೆ ಮಾಡಲು ಆಗದ ವಿಸ್ಕಿಯನ್ನು. ಅದು ಯಾಕೆ ಮತ್ತೆ ಆಗುವುದಿಲ್ಲ ಎಂದು ತಿಳಿದುಕೊಂಡರೆ, ಏನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎನ್ನುವುದು ಮುಕ್ಕಾಲು ಪಾಲು ತಾನಾಗಿಯೇ ಗೊತ್ತಾಗುತ್ತದೆ.

ಮೊದಲ ಹೆಜ್ಜೆ: ಲೇಬಲ್

ಸಿಂಗಲ್ ಮಾಲ್ಟ್ ಸ್ಕಾಚ್ ಎಂದರೆ ಸ್ಕಾಟ್ಲೆಂಡಿನ ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ ಮಾತ್ರ, ತಾಮ್ರದ ಹಂಡೆಗಳಲ್ಲಿ ಭಟ್ಟಿ ಇಳಿಸಿದ್ದು. 700 ಲೀಟರ್ ಮೀರದ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಬೇಕು. ಆಲ್ಕೋಹಾಲ್ ಶೇ 40ಕ್ಕಿಂತ ಕಡಿಮೆ ಇರಬಾರದು. ಲೇಬಲ್ ಮೇಲೆ 18 ಎಂದು ಇದ್ದರೆ, ಅದರಲ್ಲಿ ಸೇರಿದ ಅತಿ ಎಳೆಯ ವಿಸ್ಕಿಗೆ 18 ವರ್ಷ ಎಂದು ಅರ್ಥ.

ಹೊಸಬರು ತಪ್ಪು ತಿಳಿಯುವುದು ವಯಸ್ಸಿನ ವಿಷಯದಲ್ಲೇ. ವೈನ್ ಬಾಟಲಿಯಲ್ಲೂ ಮಾಗುತ್ತದೆ, ವಿಸ್ಕಿ ಹಾಗಲ್ಲ. ಪೀಪಾಯಿಯಿಂದ ಹೊರಗೆ ಬಂದ ದಿನ ಅದರ ವಯಸ್ಸು ನಿಂತಿತು. 1970ರಲ್ಲಿ ತುಂಬಿಸಿದ 12 ವರ್ಷದ ವಿಸ್ಕಿ ಇವತ್ತಿಗೂ 12 ವರ್ಷದ್ದೇ. ಆದ್ದರಿಂದ ಎರಡು ವರ್ಷಗಳನ್ನು ಹುಡುಕಿ: ಭಟ್ಟಿ ಇಳಿಸಿದ್ದು ಯಾವಾಗ, ಬಾಟಲಿಗೆ ತುಂಬಿಸಿದ್ದು ಯಾವಾಗ. ಜೊತೆಗೆ ಪೀಪಾಯಿಯ ನಂಬರ್, ಒಟ್ಟು ಎಷ್ಟು ಬಾಟಲಿ ಬಂತು ಎನ್ನುವ ಲೆಕ್ಕ ಇದ್ದರೆ ಇನ್ನೂ ಒಳ್ಳೆಯದು.

ಸ್ಕಾಟ್ಲೆಂಡಿನ ತಣ್ಣನೆ ಗೋದಾಮುಗಳಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾಗುತ್ತದೆ. ಅದಕ್ಕೆ ಅವರು ದೇವತೆಗಳ ಪಾಲು ಎನ್ನುತ್ತಾರೆ. ಕಾಲ ಕಳೆದಂತೆ ಆಲ್ಕೋಹಾಲ್ ಪ್ರಮಾಣವೂ ಇಳಿಯುತ್ತದೆ. ಶೇ 40ಕ್ಕಿಂತ ಕೆಳಗೆ ಹೋದರೆ ಅದನ್ನು ಸ್ಕಾಚ್ ಎಂದು ಮಾರುವಂತೆಯೇ ಇಲ್ಲ. 40, 50 ವರ್ಷ ತಾಳಿಕೊಂಡ ಪೀಪಾಯಿಗಳು ಕಡಿಮೆ ಇರುವುದು ಇದಕ್ಕೇ. ಬೆಂಗಳೂರಿನ ಸೆಖೆಯಲ್ಲಿ ಈ ಪಾಲು ವರ್ಷಕ್ಕೆ ಶೇ 10 ದಾಟುತ್ತದೆ. 2004ರಲ್ಲಿ ಗ್ಲಾಸ್ಗೋದಲ್ಲಿ ತನ್ನ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿದ ನಮ್ಮ ಅಮೃತ್‌ನವರು ನಾಲ್ಕೈದು ವರ್ಷಕ್ಕೇ ಬಾಟಲಿಗೆ ತುಂಬಿಸುವುದು ಅದಕ್ಕಾಗಿ. ಅಂದರೆ ವಯಸ್ಸಿನ ಅಂಕಿಯನ್ನು ಊರಿನ ಹವೆ ನೋಡಿ ಅಳೆಯಬೇಕು, ಅಲ್ವಾ?

ಒಂದು ಎಳೆ ಹಿಡಿಯಿರಿ

ಸಿಕ್ಕಿದ್ದೆಲ್ಲ ಕೊಂಡರೆ ಕಪಾಟು ತುಂಬುತ್ತದೆ, ಸಂಗ್ರಹ ಆಗುವುದಿಲ್ಲ. ಒಂದು ಡಿಸ್ಟಿಲರಿ, ಒಂದು ದ್ವೀಪ ಅಥವಾ ಒಂದು ದಶಕ ಆರಿಸಿಕೊಳ್ಳಿ. ನನಗೆ ಎಲ್ಲಕ್ಕಿಂತ ಇಷ್ಟವಾದ ಎಳೆ ಮುಚ್ಚಿಹೋದ ಡಿಸ್ಟಿಲರಿಗಳದು.

1980ರ ದಶಕದ ಮೊದಲಲ್ಲಿ ಸ್ಕಾಚ್‌ಗೆ ಬೇಡಿಕೆ ಬಿತ್ತು. ಗೋದಾಮುಗಳಲ್ಲಿ ವಿಸ್ಕಿ ಕೆರೆಯಷ್ಟು ನಿಂತಿತ್ತು. ಆಗ ಬಹುಪಾಲು ಮಾಲ್ಟ್ ವಿಸ್ಕಿ ಹೋಗುತ್ತಿದ್ದದ್ದು ಬ್ಲೆಂಡ್‌ಗಳಿಗೆ, ಅಂದರೆ ಹಲವು ಡಿಸ್ಟಿಲರಿಗಳ ವಿಸ್ಕಿ ಬೆರೆಸಿ ಮಾಡುವ ಬಾಟಲಿಗಳಿಗೆ; ಸಿಂಗಲ್ ಮಾಲ್ಟ್ ಕೇಳುವವರು ಕಡಿಮೆ. ಹಾಗಾಗಿ ದೊಡ್ಡ ಕಂಪನಿಯಾಗಿದ್ದ ಡಿಸ್ಟಿಲರ್ಸ್ ಕಂಪನಿ ಲಿಮಿಟೆಡ್ 1983ರಲ್ಲಿ ಒಂದಾದ ಮೇಲೊಂದು ಡಿಸ್ಟಿಲರಿ ಮುಚ್ಚಿತು. ಐಲಾ ದ್ವೀಪದಲ್ಲಿ ಅವರ ಕೈಯಲ್ಲಿ ಮೂರಿದ್ದವು: ಲಗಾವುಲಿನ್, ಕೂಲ್ ಈಲಾ, ಪೋರ್ಟ್ ಎಲೆನ್. ಬೀಗ ಬಿದ್ದದ್ದು 1825ರಿಂದ ಇದ್ದ ಪೋರ್ಟ್ ಎಲೆನ್‌ಗೆ. ಪಕ್ಕದ ಮಾಲ್ಟ್ ಕಾರ್ಖಾನೆ ಮಾತ್ರ ಉಳಿಯಿತು. ಅದು ದ್ವೀಪದ ಬೇರೆ ಡಿಸ್ಟಿಲರಿಗಳಿಗೆ ಹೊಗೆ ಹಿಡಿಸಿದ ಬಾರ್ಲಿ ಕೊಡುತ್ತಾ ಬಂತು.

ಪೀಪಾಯಿಗಳಲ್ಲಿ ಉಳಿದಿದ್ದ ಪೋರ್ಟ್ ಎಲೆನ್ ಹೆಸರು ಮಾಡಿದ್ದು ಆಮೇಲೆ. ಡಿಸ್ಟಿಲರ್ಸ್ ಕಂಪನಿಯ ಇಂದಿನ ವಾರಸುದಾರ ಡಿಯಾಜಿಯೊ 2001ರಿಂದ 2017ರವರೆಗೆ ವರ್ಷಕ್ಕೊಂದರಂತೆ ಹೊರತಂದ 17 ಬಾಟಲಿಗಳ ಸಾಲು ಸಂಗ್ರಹಕಾರರ ದೊಡ್ಡ ಆಸೆಗಳಲ್ಲಿ ಒಂದು.

ಉತ್ತರದ ಬ್ರೋರಾ ಕಥೆ ಇನ್ನೂ ಸೊಗಸು. 1819ರಲ್ಲಿ ಶುರುವಾದ ಹಳೆಯ ಕ್ಲೈನ್‌ಲಿಶ್ ಡಿಸ್ಟಿಲರಿ ಅದು. 1960ರ ದಶಕದ ಕೊನೆಯಲ್ಲಿ ಪಕ್ಕದಲ್ಲೇ ಹೊಸ ಕ್ಲೈನ್‌ಲಿಶ್ ಎದ್ದಾಗ ಹಳೆಯದು ಬ್ರೋರಾ ಆಯಿತು. ಆ ಹೊತ್ತಿಗೆ ಐಲಾದಲ್ಲಿ ನೀರಿಗೆ ಬರ. ಬ್ಲೆಂಡ್‌ಗಳಿಗೆ ಬೇಕಾದ ಹೊಗೆ ಘಾಟಿನ ವಿಸ್ಕಿ ಸಾಲದೆ ಹೋಯಿತು. ಅದನ್ನು ತುಂಬಿಕೊಡಲು 1969ರಿಂದ 1973ರವರೆಗೆ ಬ್ರೋರಾದಲ್ಲಿ ಜಾಸ್ತಿ ಪೀಟ್ (ಜೌಗು ನೆಲದಿಂದ ಅಗೆದು ಒಣಗಿಸಿದ ಉರುವಲು) ಹೊಗೆ ಕೊಟ್ಟ ಬಾರ್ಲಿ ಬಳಸಿದರು. ಬರ ಕಳೆದ ಮೇಲೆ ಹೊಗೆ ಇಳಿಯಿತು, 1983ರಲ್ಲಿ ಬಾಗಿಲೂ ಮುಚ್ಚಿತು. 1972ರ ಬ್ರೋರಾಗೆ ಜನ ಮುಗಿಬೀಳುವುದು ಸುಮ್ನೆ ಅಲ್ಲ. ಒಂದು ಬರಗಾಲ, ಒಂದು ಕಂಪನಿಯ ಅವಸರ, ಹಳೆಯ ಹಂಡೆಗಳು ಎಲ್ಲ ಕೂಡಿ ಹುಟ್ಟಿದ ರುಚಿ ಅದು.

ಫಾಲ್ಕಿರ್ಕ್‌ನ ಕಾಲುವೆ ಪಕ್ಕದ ರೋಸ್‌ಬ್ಯಾಂಕ್ 1993ರಲ್ಲಿ ಮುಚ್ಚಿತು. ಮೂರು ಸಲ ಭಟ್ಟಿ ಇಳಿಸುತ್ತಿದ್ದ, ಹೂವಿನಂಥ ಹಗುರ ವಿಸ್ಕಿ ಅಲ್ಲಿಯದು. ಪಾಳು ಬಿದ್ದಿದ್ದಾಗ ಕಳ್ಳರು ತಾಮ್ರಕ್ಕಾಗಿ ಹಂಡೆಗಳನ್ನೇ ಕದ್ದೊಯ್ದರು.

ಈಗ ಮೂರೂ ಮತ್ತೆ ತೆರೆದಿವೆ. ಬ್ರೋರಾ 2021ರಲ್ಲಿ, ರೋಸ್‌ಬ್ಯಾಂಕ್ 2023ರಲ್ಲಿ, ಪೋರ್ಟ್ ಎಲೆನ್ 2024ರಲ್ಲಿ ಭಟ್ಟಿ ಹಚ್ಚಿದವು. ನನಗೆ ಇದು ನಿಜಕ್ಕೂ ಸಂತೋಷದ ಸುದ್ದಿ. ಬ್ರೋರಾದಲ್ಲಿ ಹಳೆಯ ಹಂಡೆಗಳನ್ನೇ ದುರಸ್ತಿ ಮಾಡಿದ್ದಾರೆ, ಮಿಕ್ಕ ಎರಡರಲ್ಲಿ ಹಂಡೆಗಳು ಹೊಸವು, ಬಾರ್ಲಿಯೂ ಬೇರೆ, ಹಾಗಾಗಿ ಹಳೆಯ ಬಾಟಲಿಗಳ ಬೆಲೆ ಇದರಿಂದ ಕರಗುವುದಿಲ್ಲ. ಕೊಳ್ಳುವಾಗ ಮಾತ್ರ ಹೆಸರು ಒಂದೇ ಎಂದು ಮೋಸ ಹೋಗದೆ, ಭಟ್ಟಿ ಇಳಿಸಿದ ವರ್ಷ ನೋಡಿ.

ಇವು ಕೈಗೆಟುಕದಿದ್ದರೆ ಬೇಸರ ಬೇಡ. ಕ್ಯಾಂಬೆಲ್‌ಟೌನ್‌ನ ಸ್ಪ್ರಿಂಗ್‌ಬ್ಯಾಂಕ್‌ನಲ್ಲಿ ಇಂದಿಗೂ ಬಾರ್ಲಿಯನ್ನು ನೆಲದ ಮೇಲೆ ಹರಡಿ ಮೊಳಕೆ ಬರಿಸುವುದರಿಂದ ಹಿಡಿದು ಬಾಟಲಿಗೆ ತುಂಬುವವರೆಗೆ ಎಲ್ಲವೂ ಒಂದೇ ಆವರಣದಲ್ಲಿ ನಡೆಯುತ್ತದೆ. ಅದರ ಬೇರೆ ಬೇರೆ ವರ್ಷದ ಬಾಟಲಿಗಳೇ ಒಂದು ಒಳ್ಳೆಯ ಸಂಗ್ರಹ. ನಾನು ಬೇಡ ಎನ್ನುವುದು ಹರಳಿನ ಹೂಜಿ, ಮರದ ಪೆಟ್ಟಿಗೆ, ಕಾರ್ ಕಂಪನಿಯ ಮುದ್ರೆ ಹಾಕಿ ಬರುವ 'ಲಿಮಿಟೆಡ್' ಸರಕನ್ನು. ಅಲ್ಲಿ ದುಡ್ಡು ಹೋಗುವುದು ಪೆಟ್ಟಿಗೆಗೆ.

ರುಚಿ ನೋಡದೆ ಕೊಳ್ಳಬೇಡಿ

5 ಸೆಂಟಿಲೀಟರ್‌ನ ಪುಟ್ಟ ಬಾಟಲಿಗಳು ಸಿಗುತ್ತವೆ. ಎಡಿನ್‌ಬರಾ, ಲಂಡನ್‌ನ ವಿಸ್ಕಿ ಬಾರ್‌ಗಳಲ್ಲಿ ಹಳೆಯದನ್ನು ಪೆಗ್ ಲೆಕ್ಕದಲ್ಲಿ ಕೊಡುತ್ತಾರೆ. ಅಲ್ಲಿರುವ ಕನ್ನಡಿಗರಿಗೆ ಇದು ಸುಲಭ. ಹೊಗೆ ಘಾಟು ನಿಮಗೆ ಹಿಡಿಸುವುದೇ ಇಲ್ಲವೆಂದರೆ ಪೋರ್ಟ್ ಎಲೆನ್‌ಗೆ ಲಕ್ಷ ಸುರಿದು ಏನು ಪ್ರಯೋಜನ?

ಎಲ್ಲಿ ಕೊಳ್ಳುವುದು

ಹೊಸ ಸೀಮಿತ ಬಾಟಲಿಗಳನ್ನು ಅನೇಕ ಅಂಗಡಿಗಳು ಲಾಟರಿ ಎತ್ತಿ ಕೊಡುತ್ತವೆ. ಅಂಗಡಿಯವರ ಹತ್ತಿರ ಹೆಸರು ಬರೆಸಿಡಿ. ಇನ್ನೊಂದು ದಾರಿ ಸ್ವತಂತ್ರ ಬಾಟ್ಲರ್‌ಗಳದು. ಇವರು ಡಿಸ್ಟಿಲರಿಗಳಿಂದ ಪೀಪಾಯಿ ಕೊಂಡು ತಮ್ಮ ಹೆಸರಿನಲ್ಲಿ ಹೊರತರುತ್ತಾರೆ. 1842ರಿಂದ ಇರುವ ಕ್ಯಾಡನ್‌ಹೆಡ್, 1895ರಲ್ಲಿ ಎಲ್ಗಿನ್‌ನಲ್ಲಿ ಶುರುವಾದ ಗಾರ್ಡನ್ ಅಂಡ್ ಮೆಕ್‌ಫೇಲ್ ಇಂಥವರು. 1940ರಲ್ಲಿ ತುಂಬಿಸಿಟ್ಟ ಗ್ಲೆನ್‌ಲಿವೆಟ್ ಪೀಪಾಯಿಯೊಂದನ್ನು 80 ವರ್ಷ ಕಾದು 2020ರಲ್ಲಿ ಬಾಟಲಿಗೆ ಇಳಿಸಿದವರು ಈ ಗಾರ್ಡನ್ ಅಂಡ್ ಮೆಕ್‌ಫೇಲ್‌ನವರೇ. ಡಿಸ್ಟಿಲರಿಯ ಸ್ವಂತ ಲೇಬಲ್‌ಗಿಂತ ಇವರಲ್ಲಿ ಬೆಲೆ ಎಷ್ಟೋ ಸಲ ಕಡಿಮೆ, ವಿಸ್ಕಿ ಅಷ್ಟೇ ಚೆನ್ನಾಗಿರುತ್ತದೆ. ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಮೂರನೆಯದು ಹರಾಜು. ಪರ್ತ್, ಗ್ಲಾಸ್ಗೋ ಊರುಗಳಿಂದ ವಿಸ್ಕಿಗೇ ಮೀಸಲಾದ ಆನ್‌ಲೈನ್ ಹರಾಜುಗಳು ನಡೆಯುತ್ತವೆ. ಹಳೆಯ ಹರಾಜುಗಳ ಬೆಲೆ ಅಲ್ಲೇ ನೋಡಲು ಸಿಗುತ್ತದೆ. ಕೂಗುವ ಮೊದಲು ಅದೇ ಬಾಟಲಿ ಹಿಂದೆ ಎಷ್ಟಕ್ಕೆ ಹೋಗಿದೆ ನೋಡಿ, ನಿಮ್ಮ ಮಿತಿ ಬರೆದಿಟ್ಟುಕೊಳ್ಳಿ. 2022ರಲ್ಲಿ ಏರಿದ್ದ ಬೆಲೆಗಳು ಆಮೇಲೆ ಸಾಕಷ್ಟು ಇಳಿದಿವೆ. ಹಳೆಯ ದರ ತೋರಿಸಿ ಆಸೆ ಹುಟ್ಟಿಸುವವರನ್ನು ನಂಬಬೇಡಿ. ಕೂಗಿದ ಬೆಲೆಯೇ ಕೊನೆಯ ಬೆಲೆ ಅಲ್ಲ ಎನ್ನುವುದೂ ನೆನಪಿರಲಿ. ಆ ಮೆಕಾಲನ್‌ಗೆ ಸುತ್ತಿಗೆ ಬಿದ್ದದ್ದು 17.5 ಲಕ್ಷ ಪೌಂಡ್‌ಗೆ. ಮಿಕ್ಕಿದ್ದು ಹರಾಜು ಮನೆಯ ಕಮಿಷನ್. ಸಾಗಣೆ, ವಿಮೆ ಬೇರೆ.

ಇಡೀ ಪೀಪಾಯಿಯನ್ನೇ ಕೊಂಡು ಲಾಭ ಮಾಡಿಕೊಳ್ಳಿ ಎಂದು ಫೋನ್ ಬಂದರೆ ಇಟ್ಟುಬಿಡಿ. ಅಂದದ ಪ್ರಮಾಣಪತ್ರ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಆ ಪೀಪಾಯಿ ನಿಮ್ಮ ಹೆಸರಿನಲ್ಲಿದೆ ಎಂದು ಅದನ್ನು ಇಟ್ಟುಕೊಂಡಿರುವ ಗೋದಾಮಿನವರೇ ಹೇಳಬೇಕು.

ನಕಲಿಯನ್ನು ಹಿಡಿಯುವುದು

2017ರಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಮೋರಿಟ್ಜ್‌ನ ಹೋಟೆಲೊಂದರಲ್ಲಿ ಚೀನಾದ ಅತಿಥಿಯೊಬ್ಬರು 1878ರ ಮೆಕಾಲನ್ ಎಂದು ಒಂದು ಪೆಗ್‌ಗೆ 9,999 ಸ್ವಿಸ್ ಫ್ರಾಂಕ್ ಕೊಟ್ಟರು. ಫೋಟೊ ನೋಡಿದ ತಿಳಿದವರಿಗೆ ಬಿರಡೆ, ಲೇಬಲ್ ಮೇಲೆ ಅನುಮಾನ ಬಂತು. ಪರೀಕ್ಷೆ ಮಾಡಿಸಿದರೆ ಅದು 1970ರ ಆಸುಪಾಸಿನದು, ಸಿಂಗಲ್ ಮಾಲ್ಟೂ ಅಲ್ಲ. ಹೋಟೆಲಿನವರು ದುಡ್ಡು ವಾಪಸ್ ಕೊಟ್ಟರು. 2018ರಲ್ಲಿ ಸ್ಕಾಟ್ಲೆಂಡಿನ ಪ್ರಯೋಗಾಲಯವೊಂದು 55 ಅಪರೂಪದ ಬಾಟಲಿಗಳನ್ನು ಪರೀಕ್ಷಿಸಿತು. 21 ಬಾಟಲಿಗಳು ಪೂರ್ತಿ ನಕಲಿ, ಇಲ್ಲವೇ ಲೇಬಲ್ ಹೇಳುವ ವರ್ಷದ್ದಲ್ಲ ಎಂದು ಗೊತ್ತಾಯಿತು. 1950ರ ದಶಕದಿಂದ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಏರಿತು. ಆಮೇಲೆ ಬೆಳೆದ ಬಾರ್ಲಿಯಲ್ಲಿ ಅದರ ಗುರುತು ಉಳಿಯಿತು. ನಕಲಿ ಮಾಡುವವರು ಅದನ್ನು ಅಳಿಸಲಾರರು.

ನಾವು ಮನೆಯಲ್ಲಿ ಕಾರ್ಬನ್ ಅಳೆಯಲು ಆಗುವುದಿಲ್ಲ, ಕಣ್ಣು ಬಳಸಬಹುದು. ಬ್ರಿಟನ್ನಿನ ಹಳೆಯ ಲೇಬಲ್‌ಗಳಲ್ಲಿ ಶೇಕಡಾ ಇರುವುದಿಲ್ಲ, '70° ಪ್ರೂಫ್' ಎಂದಿರುತ್ತದೆ. ಅದು ಇಂದಿನ ಶೇ 40ಕ್ಕೆ ಸಮ. ಅಳತೆಯೂ ಔನ್ಸ್‌ನಲ್ಲಿ. 1980ರ ದಶಕದಲ್ಲಿ 75 ಸೆಂಟಿಲೀಟರ್ ಬಂತು. 70 ಆದದ್ದು 1990ರ ಸುಮಾರಿಗೆ. 1960ರ ದಶಕದ ಬಾಟಲಿ ಎಂದು ಕೊಟ್ಟು, ಮೂಲೆಯಲ್ಲಿ '70 ಸಿಎಲ್' ಎಂದೋ ಬಾರ್‌ಕೋಡ್ ಪಟ್ಟೆಯೋ ಕಂಡರೆ ಮಾತು ಮುಗಿಯಿತು. ಬಾಟಲಿಯನ್ನು ಬೆಳಕಿಗೆ ಹಿಡಿದು ದ್ರವದ ಮಟ್ಟ ನೋಡಿ. 50 ವರ್ಷದ ಬಾಟಲಿಯಲ್ಲಿ ಅದು ಸ್ವಲ್ಪ ಇಳಿದಿರುವುದು ಸಹಜ. ಭುಜಕ್ಕಿಂತ ಕೆಳಗಿದ್ದರೆ ಬಿರಡೆ ಸೋರಿದೆ. ಅಂಚು ಹಳದಿಯಾದ ಲೇಬಲ್ ಕೆಳಗೆ ಹೊಸ ಗೋಂದಿನ ಹೊಳಪು ಕಂಡರೂ ಬಿಡಿ. ಹಳೆಯ ರಸೀದಿ, ಹಿಂದಿನ ಹರಾಜಿನ ಫೋಟೊ ಕೇಳಿ ಪಡೆಯಿರಿ.

ಭಾರತಕ್ಕೆ ತರುವಾಗ

ಪ್ರಯಾಣಿಕರು ಸುಂಕವಿಲ್ಲದೆ ತಲೆಗೆ 2 ಲೀಟರ್ ತರಬಹುದು. 70 ಸೆಂಟಿಲೀಟರ್‌ನ ಎರಡು ಬಾಟಲಿ ಅದರೊಳಗೆ ಬರುತ್ತವೆ, ಮೂರನೆಯದು ಸೇರಿದರೆ 2.1 ಲೀಟರ್ ಆಗುತ್ತದೆ. ಸ್ಕಾಚ್ ಆಮದಿನ ಮೇಲೆ ಇದ್ದ ಕಸ್ಟಮ್ಸ್ ಸುಂಕ ಶೇ 150. 2025ರ ಜುಲೈನಲ್ಲಿ ಸಹಿಯಾದ ಭಾರತ–ಬ್ರಿಟನ್ ಒಪ್ಪಂದದ ಪ್ರಕಾರ ಅದು ಮೊದಲು 75ಕ್ಕೆ, ಹತ್ತನೇ ವರ್ಷಕ್ಕೆ 40ಕ್ಕೆ ಇಳಿಯಬೇಕು. ಮನೆಯಲ್ಲಿ ಎಷ್ಟು ಇಟ್ಟುಕೊಳ್ಳಬಹುದು ಎನ್ನುವ ಮಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅಬಕಾರಿ ಇಲಾಖೆಯಲ್ಲಿ ಕೇಳಿಯೇ ಮುಂದುವರಿಯಿರಿ. ಲೈಸೆನ್ಸ್ ಇಲ್ಲದೆ ಸ್ನೇಹಿತರಿಗೆ ಮಾರಿದರೂ ಅಪರಾಧ. ಹಾಗಾಗಿ ಇಲ್ಲಿ ಕೂತು ಮಾರಾಟದ ಲಾಭ ನಂಬಿ ಕೊಳ್ಳುವುದು ಜಾಣತನ ಅಲ್ಲ.

ಇಡುವುದು, ತೆರೆಯುವುದು

ಬಾಟಲಿ ನೆಟ್ಟಗೆ ನಿಲ್ಲಿಸಿ. ವೈನ್ ತರಹ ಮಲಗಿಸಿದರೆ ಆಲ್ಕೋಹಾಲ್ ಬಿರಡೆಯನ್ನು ತಿನ್ನುತ್ತದೆ. ಬಿಸಿಲು ಬೀಳದ, ಉಷ್ಣತೆ ಹೆಚ್ಚು ಏರುಪೇರಾಗದ ಕಪಾಟು ಸಾಕು. ತಾರಸಿ ಕೆಳಗಿನ ಅಟ್ಟ ಬೇಡ, ಬೇಸಿಗೆಯಲ್ಲಿ ಕಾದುಹೋಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಲೇಬಲ್‌ಗೆ ಬೂಷ್ಟು ಹಿಡಿಯುತ್ತದೆ. ತೆಳು ಪ್ಲಾಸ್ಟಿಕ್ ಸುತ್ತಿಡಿ. ಒಂದು ನೋಟ್‌ಬುಕ್‌ನಲ್ಲಿ ಡಿಸ್ಟಿಲರಿ, ಎರಡೂ ವರ್ಷಗಳು, ಪೀಪಾಯಿ ನಂಬರ್, ಕಮಿಷನ್ ಸೇರಿಸಿ ಕೊಟ್ಟ ಬೆಲೆ, ಕೊಂಡ ಜಾಗ ಬರೆಯಿರಿ. ದ್ರವದ ಮಟ್ಟ ಕಾಣುವಂತೆ ಫೋಟೊ ತೆಗೆದಿಡಿ.

ಮತ್ತೆ, ದಯವಿಟ್ಟು ಕೆಲವನ್ನಾದರೂ ತೆರೆಯಿರಿ. ಯಾರೋ ಕಷ್ಟಪಟ್ಟು ಕುಡಿಯಲೆಂದೇ ಮಾಡಿದ ವಸ್ತು ಅದು. ಹಳೆಯ ಬಿರಡೆ ಒಣಗಿ ಪುಡಿಯಾಗುವಂತಿರುತ್ತದೆ. ತೆರೆಯುವ ಮೊದಲು ಬಾಟಲಿಯನ್ನು ಕೆಲವು ಸೆಕೆಂಡ್ ಓರೆ ಮಾಡಿ ಬಿರಡೆ ನೆನೆಯಲು ಬಿಡಿ. ಜೋರಾಗಿ ಎಳೆಯದೆ, ಬಿರಡೆ ಹಿಡಿದುಕೊಂಡು ಬಾಟಲಿಯನ್ನೇ ಮೆಲ್ಲಗೆ ತಿರುಗಿಸಿ. ಮುರಿದರೆ ಗಾಬರಿ ಬೇಡ, ಕಾಫಿ ಫಿಲ್ಟರ್ ಪೇಪರ್‌ನಲ್ಲಿ ಸೋಸಿ. ಖಾಲಿ ಬಾಟಲಿಗಳ ಒಳ್ಳೆಯ ಬಿರಡೆ ಒಂದೆರಡು ಪಕ್ಕಕ್ಕೆ ಇಟ್ಟುಕೊಂಡಿದ್ದರೆ ಆಗ ಕೆಲಸಕ್ಕೆ ಬರುತ್ತವೆ. ಲೋಟಕ್ಕೆ ಹಾಕಿ ಕಾಲು ಗಂಟೆ ಬಿಡಿ. ಮೊದಲ ಗುಟುಕು ನೀರಿಲ್ಲದೆ, ಆಮೇಲೆ ಕೆಲವು ಹನಿ ನೀರು ಹಾಕಿ ನೋಡಿ. ವಿಸ್ಕಿ ಅರ್ಧಕ್ಕಿಂತ ಕೆಳಗೆ ಬಂದ ಮೇಲೆ ಬಾಟಲಿಯೊಳಗಿನ ಗಾಳಿ ರುಚಿ ಕೆಡಿಸುತ್ತದೆ. ಉಳಿದದ್ದನ್ನು ಚಿಕ್ಕ ಗಾಜಿನ ಬಾಟಲಿಗೆ ಕಂಠದವರೆಗೆ ತುಂಬಿ, ಮೇಲೆ ಹೆಸರು, ತಾರೀಕು ಬರೆದು ಅಂಟಿಸಿ.