ಊರಿನ ಮೈದಾನಕ್ಕೆ ಪೋಲ್‌ವಾಲ್ಟ್ ತರುವುದು ಹೇಗೆ? ಬಾರ್ ಕೊನೆಗೆ ಬರಲಿ

ಓಡಿ ಬಂದು ಉದ್ದನೆಯ ಕೋಲೂರಿ, ಮೇಲೆ ಅಡ್ಡಲಾಗಿಟ್ಟ ಪಟ್ಟಿಯನ್ನು, ಅಂದರೆ ಬಾರನ್ನು, ದಾಟುವುದೇ ಪೋಲ್‌ವಾಲ್ಟ್. ಕೆಲವು ವರ್ಷಗಳ ಹಿಂದೆ ಕ್ರೀಡಾಕೂಟವೊಂದರಲ್ಲಿ ಹತ್ತನೇ ತರಗತಿಯ ಹುಡುಗನೊಬ್ಬ ನನ್ನ ಕಣ್ಣೆದುರೇ ಕೋಲು ಊರಿ ಮೇಲೆದ್ದ. ಕೋಲು ನೆಟ್ಟಗಾಗುವ ಮೊದಲೇ ಅದರ ವೇಗ ಸತ್ತುಹೋಯಿತು. ಹುಡುಗ ಓಡಿ ಬಂದ ದಾರಿಗೇ ಹಿಮ್ಮುಖವಾಗಿ ಬಿದ್ದು ಮಣಿಕಟ್ಟು ಮುರಿದುಕೊಂಡ. ಮರುವರ್ಷ ಆ ಕೂಟದಲ್ಲಿ ಪೋಲ್‌ವಾಲ್ಟನ್ನೇ ಕೈಬಿಟ್ಟರು. ಅವನು ಕೋಲನ್ನು ಹಿಡಿದದ್ದು ಹಿಡಿಯಬೇಕಾದ ಜಾಗಕ್ಕಿಂತ ಎರಡು ಗೇಣು ಮೇಲೆ. ಅಲ್ಲಿದ್ದ ದೊಡ್ಡವರೆಲ್ಲ ಬಾರ್ ಎಷ್ಟು ಎತ್ತರದಲ್ಲಿದೆ ಎಂದು ನೋಡುತ್ತಿದ್ದರು, ಕೈ ಎಲ್ಲಿದೆ ಎಂದು ಒಬ್ಬರೂ ನೋಡಲಿಲ್ಲ.

ಗದಗ ಸೀಮೆಯ ಎರೆ ಮಣ್ಣಿನ ಮೈದಾನಗಳಲ್ಲಿ ಹಲವು ವರ್ಷಗಳಿಂದ ಮಕ್ಕಳ ಕೈಗೆ ಕೋಲು ಕೊಡುತ್ತಿದ್ದೇನೆ. ನಮ್ಮ ಊರುಗಳಲ್ಲಿ ಈ ಕ್ರೀಡೆ ಬೇರು ಬಿಡದಿರಲು ಹಣದ ಕೊರತೆಗಿಂತ ಅವಸರವೇ ದೊಡ್ಡ ಕಾರಣ ಎಂದು ನಂಬಿದ್ದೇನೆ. ಮೊದಲ ದಿನವೇ ಬಾರ್ ಕಟ್ಟಬೇಡಿ. ಈ ಲೇಖನದ ಬಹುಪಾಲು ಸಲಹೆಗಳು ಅದರ ವಿಸ್ತರಣೆ.

ಮಕ್ಕಳನ್ನು ಹುಡುಕುವುದು

ಇದು ಸುಲಭದ ಕೆಲಸ. ಎತ್ತರದ ಹುಡುಗರೇ ಬೇಕೆಂದಿಲ್ಲ. ಇಪ್ಪತ್ತು ಮೀಟರ್ ಚುರುಕಾಗಿ ಓಡುವ, ತಲೆಕೆಳಗಾದರೆ ಗಾಬರಿಯಾಗದ ಮಕ್ಕಳು ಸಾಕು. ಲಕ್ಷ್ಮೇಶ್ವರದಲ್ಲಿ, ಬಾಗಲಕೋಟೆ ಬಳಿಯ ತುಳಸಿಗೇರಿಯಲ್ಲಿ ಮಲ್ಲಕಂಬ ಆಡುವ ಮಕ್ಕಳನ್ನು ನೋಡಿ. ಹಗ್ಗ ಹಿಡಿದು ತೂಗುತ್ತಾ, ಕಾಲೆತ್ತಿ, ಸೊಂಟವನ್ನು ಕೈಗಿಂತ ಮೇಲಕ್ಕೆ ಒಯ್ಯುವುದನ್ನು ಅವರು ಆಗಲೇ ಕಲಿತಿದ್ದಾರೆ. ಪೋಲ್‌ವಾಲ್ಟರ್ ಗಾಳಿಯಲ್ಲಿ ಮಾಡುವುದೂ ಅದನ್ನೇ. 2009ರಲ್ಲಿ ಜ್ಯೂರಿಕ್‌ನಲ್ಲಿ 5.06 ಮೀಟರ್ ದಾಟಿದ ರಷ್ಯಾದ ಎಲೆನಾ ಇಸಿನ್‌ಬಯೇವಾ ಮೊದಲು ಜಿಮ್ನಾಸ್ಟ್ ಆಗಿದ್ದವರು.

ಹೆಣ್ಣುಮಕ್ಕಳನ್ನು ಮೊದಲ ದಿನದಿಂದಲೇ ಕರೆತನ್ನಿ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಪೋಲ್‌ವಾಲ್ಟ್ ಶುರುವಾದದ್ದೇ 2000ದ ಸಿಡ್ನಿ ಕೂಟದಲ್ಲಿ. 2022ರ ಅಕ್ಟೋಬರ್‌ನಲ್ಲಿ ತಮಿಳುನಾಡಿನ ರೋಸಿ ಮೀನಾ ಪಾಲ್‌ರಾಜ್ 4.21 ಮೀಟರ್ ಜಿಗಿದು ರಾಷ್ಟ್ರೀಯ ದಾಖಲೆ ಬರೆದದ್ದು ನಮ್ಮ ಬೆಂಗಳೂರಿನಲ್ಲಿಯೇ. ಮನೆಯವರು ಹಿಂಜರಿದರೆ ಅವರನ್ನೂ ಒಂದು ಸಂಜೆ ಮೈದಾನಕ್ಕೆ ಕರೆಯಿರಿ. ಮಗಳು ಮರಳಿನಲ್ಲಿ ಎರಡೂ ಕಾಲೂರಿ ನಿಲ್ಲುವುದನ್ನು ಕಣ್ಣಾರೆ ಕಂಡ ತಾಯಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಮರಳು ಮತ್ತು ಓಟದ ದಾರಿ

ಶಾಲೆಯ ಉದ್ದಜಿಗಿತದ ಗುಂಡಿಯೇ ಮೊದಲ ಆರು ತಿಂಗಳ ಪಾಠಶಾಲೆ. ಮೊಣಕಾಲುದ್ದ ಆಳಕ್ಕೆ ಮರಳಿರಲಿ, ಪ್ರತಿ ಸಂಜೆ ಗುದ್ದಲಿಯಿಂದ ಸಡಿಲಿಸಿ, ಗಾಜಿನ ಚೂರು, ಕಲ್ಲು ಆರಿಸಿ. ಎಂ-ಸ್ಯಾಂಡ್ ಮಾತ್ರ ಬೇಡವೇ ಬೇಡ. ಕಡಿಮೆ ಬೆಲೆಗೆ ಸಿಗುತ್ತದೆಂದು ತಂದು ಸುರಿದ ಗುಂಡಿಗಳನ್ನು ನೋಡಿದ್ದೇನೆ. ಕಲ್ಲು ಪುಡಿ ಮಾಡಿದ ಆ ಮರಳಿನ ಕಣಗಳಿಗೆ ಮೂಲೆಗಳಿರುತ್ತವೆ, ನೀರು ಬಿದ್ದರೆ ಒಂದಕ್ಕೊಂದು ಕಚ್ಚಿಕೊಂಡು ನೆಲದಂತೆ ಗಟ್ಟಿಯಾಗುತ್ತವೆ. ಹೊಳೆಯ ಮರಳು ಅರ್ಧ ಲೋಡ್ ಸಿಕ್ಕರೂ ಅದನ್ನೇ ಹಾಕಿ. ಎರೆ ನೆಲವಾದರೆ ಓಟದ ದಾರಿಗೆ ಗರಸು ಹಾಕಿ ರೋಲರ್ ಹೊಡೆಸಿ. ಇಲ್ಲದಿದ್ದರೆ ಬೇಸಿಗೆಯಲ್ಲಿ ಬಿರುಕು, ಮಳೆಗಾಲದಲ್ಲಿ ಕೆಸರು.

ಬಿದಿರು

ಗಟ್ಟಿ ಜಾತಿಯ ಬಲಿತ ಬಿದಿರನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ. ಉದ್ದ ಮೂರು ಮೀಟರ್, ದಪ್ಪ ಮಗುವಿನ ಮುಷ್ಟಿಗೆ ಹಿಡಿಸುವಷ್ಟು. ಗಿಣ್ಣುಗಳ ನಡುವೆ ಟೇಪ್ ಸುತ್ತಿ, ತುದಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಬಿಗಿಯಿರಿ. ಪ್ರತಿ ದಿನ ಆರಂಭಿಸುವ ಮೊದಲು ಕೈಯಾಡಿಸಿ ಪರೀಕ್ಷಿಸಿ, ಕೂದಲೆಳೆಯಷ್ಟು ಸೀಳು ಕಂಡರೂ ಅದನ್ನು ಒಲೆಗೆ ಹಾಕಿ. ಬಿದಿರಿಗಿಂತ ಬಾಳಿಕೆ ಹೆಚ್ಚೆಂದು ನೀರಿನ ಜಿಐ ಪೈಪ್ ಕೊಡುವವರಿದ್ದಾರೆ. ಅದು ಮಕ್ಕಳಿಗೆ ಭಾರ, ಒಮ್ಮೆ ಬಾಗಿದರೆ ಬಾಗಿಯೇ ಇರುತ್ತದೆ, ಬಿದ್ದಾಗ ಮುಖಕ್ಕೆ ಬಡಿಯುತ್ತದೆ. ಬಿದಿರನ್ನು ಬಡವರ ಕೋಲೆಂದು ಕೀಳಾಗಿ ಕಾಣಬೇಡಿ. ಅಮೆರಿಕದ ಕಾರ್ನೀಲಿಯಸ್ ವಾರ್ಮರ್‌ಡ್ಯಾಮ್ 1940ರಲ್ಲಿ ಜಗತ್ತಿನಲ್ಲೇ ಮೊದಲಿಗನಾಗಿ 15 ಅಡಿ ದಾಟಿದ್ದು ಬಿದಿರಿನ ಕೋಲಿನಿಂದ.

ಕೈ ಎಲ್ಲಿರಬೇಕು, ಕಾಲು ಎಲ್ಲಿರಬೇಕು

ಈ ಹಂತವನ್ನು ಎರಡು ಬಾರಿ ಓದಿ. ಮಣಿಕಟ್ಟು ಮುರಿಯುವುದು, ಮಕ್ಕಳು ಹೆದರಿ ಬಿಟ್ಟುಹೋಗುವುದು ಎಲ್ಲವೂ ಇಲ್ಲಿಯೇ.

ಬಲಗೈ ರೂಢಿಯ ಮಗುವಿನ ಲೆಕ್ಕ ಹೇಳುತ್ತೇನೆ, ಎಡಗೈಯವರಿಗೆ ಎಲ್ಲವನ್ನೂ ತಿರುಗಿಸಿಕೊಳ್ಳಿ. ಕೋಲನ್ನು ನೆಟ್ಟಗೆ ನಿಲ್ಲಿಸಿ. ಮಗು ಪಕ್ಕದಲ್ಲಿ ನಿಂತು ಬಲಗೈಯನ್ನು ಪೂರ್ತಿ ಮೇಲೆತ್ತಿ ಹಿಡಿಯಲಿ. ಬೆರಳು ಮುಟ್ಟಿದ ಆ ಜಾಗಕ್ಕೆ ಬಣ್ಣದ ಟೇಪ್ ಸುತ್ತಿ. ಮೊದಲ ವಾರ ಮೇಲಿನ ಕೈ ಆ ಟೇಪ್ ದಾಟಬಾರದು. ಎಡಗೈ ಅದರ ಕೆಳಗೆ ಸುಮಾರು ಎರಡೂವರೆ ಗೇಣು ದೂರದಲ್ಲಿರಲಿ.

ಈಗ ನಡಿಗೆ. ಓಟ ಬೇಡ, ನಡಿಗೆ. ಕೊನೆಯ ಮೂರು ಹೆಜ್ಜೆ ಎಡ, ಬಲ, ಎಡ. ಬಲಗೈ ಮೊದಲ ಹೆಜ್ಜೆಗೆ ಸೊಂಟದ ಬಳಿ, ಎರಡನೆಯದಕ್ಕೆ ಕಿವಿಯ ಬಳಿ, ಮೂರನೆಯದಕ್ಕೆ ನೆತ್ತಿಯ ಮೇಲೆ ಪೂರ್ತಿ ಚಾಚಿರಬೇಕು. ನನ್ನ ಮಕ್ಕಳು ‘ಸೊಂಟ, ಕಿವಿ, ಆಕಾಶ’ ಎಂದು ಕೂಗುತ್ತಾ ನಡೆಯುತ್ತಾರೆ. ಗಂಟಲಿನಿಂದ ಲಯ ಬಂದರೆ ಕೈ ತಾನಾಗಿ ಹಿಂಬಾಲಿಸುತ್ತದೆ. ಕೋಲಿಲ್ಲದೆ ಐವತ್ತು ಸಲ, ಕೋಲಿನೊಂದಿಗೆ ಐವತ್ತು ಸಲ ನಡೆಸಿ. ಬೇಸರವಾಗುತ್ತದೆ ಎನ್ನುತ್ತಾರೆ. ಮಕ್ಕಳಿಗೆ ಬೇಸರವಾಗುವುದಿಲ್ಲ, ದಡದಲ್ಲಿ ನಿಂತ ದೊಡ್ಡವರಿಗೆ ಆಗುತ್ತದೆ.

ಕೋಲಿನ ತುದಿ ಮರಳಿಗೆ ತಾಗುವ ಹೊತ್ತಿಗೆ ಚಿಮ್ಮುವ ಎಡಗಾಲಿನ ಬೆರಳು ಮೇಲಿನ ಕೈಯ ನೇರ ಕೆಳಗಿರಬೇಕು. ಕಣ್ಣಂದಾಜು ನಂಬಬೇಡಿ. ಗಾರೆಯವರ ತೂಕದ ಗುಂಡು ಒಂದನ್ನು ಕೇಳಿ ತನ್ನಿ. ಮಗು ಕೋಲೂರಿ ಕೈ ಚಾಚಿ ನಿಂತಾಗ ಮೇಲಿನ ಕೈಯಿಂದ ದಾರ ಇಳಿಬಿಡಿ, ಗುಂಡು ತೋರಿದ ಜಾಗಕ್ಕೆ ಸುಣ್ಣದಿಂದ ಗೆರೆ ಎಳೆಯಿರಿ. ಗೆರೆ ದಾಟಿ ಗುಂಡಿಯ ಕಡೆಗೆ ಕಾಲಿಟ್ಟರೆ ಕೋಲು ಭುಜವನ್ನು ಹಿಂದಕ್ಕೆ ಜಗ್ಗುತ್ತದೆ, ವೇಗ ಅಲ್ಲೇ ಸಾಯುತ್ತದೆ. ನಾನು ಕಂಡ ಹತ್ತು ತಪ್ಪುಗಳಲ್ಲಿ ಎಂಟು ಇದೇ. ಆಗ ಮಗುವಿಗೆ ‘ಇನ್ನೂ ಜೋರಾಗಿ ಓಡು’ ಎಂದು ಕೂಗಬೇಡಿ. ಓಟ ಶುರುವಾಗುವ ಗುರುತನ್ನೇ ಅರ್ಧ ಅಡಿ ಹಿಂದಕ್ಕೆ ಸರಿಸಿ.

ನೆಲ ಬಿಟ್ಟ ಮೇಲೆ ಕೋಲು ಎಡಕ್ಕಿರಬೇಕು, ಮೈ ಅದರ ಬಲಗಡೆಯಿಂದ ಸಾಗಿ ಎರಡೂ ಕಾಲುಗಳ ಮೇಲೆ ಮರಳಿಗಿಳಿಯಬೇಕು. ಮಕ್ಕಳು ತೆಂಗಿನಮರ ಹತ್ತುವವರಂತೆ ತಕ್ಷಣ ಕೈ ಮಡಚಿ ಕೋಲನ್ನು ಎದೆಗೆಳೆದುಕೊಳ್ಳುತ್ತಾರೆ. ಬಲಗೈ ಉದ್ದವಾಗಿಯೇ ಇರಲಿ, ಮೈ ಜೋತುಬೀಳಲಿ. ಇಳಿಯುವವರೆಗೂ ಕೋಲು ಬಿಡದಂತೆ ಹೇಳಿ.

ಕೈ ಯಾವಾಗ ಮೇಲೇರಬೇಕು? ಸತತ ಮೂರು ಸಲ ಮಗು ಗುಂಡಿಯ ಒಳಕ್ಕೆ ಹಗುರವಾಗಿ ಇಳಿದರೆ ಒಂದು ಮುಷ್ಟಿ ಮೇಲೆ. ಒಮ್ಮೆ ಕೋಲು ನೆಟ್ಟಗಾಗದೆ ನಿಂತರೆ ಎರಡು ಮುಷ್ಟಿ ಕೆಳಗೆ. ಇದರಲ್ಲಿ ಚೌಕಾಸಿ ಬೇಡ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವಿನ ತೂಕ, ಕೈಯ ಎತ್ತರ, ಹೆಜ್ಜೆಗಳ ಸಂಖ್ಯೆ ಬರೆದಿಡಿ. ಗುರಿ ಬೇಕೆನಿಸಿದರೆ ಗುಂಡಿಗೆ ಅಡ್ಡಲಾಗಿ ಇಲಾಸ್ಟಿಕ್ ದಾರ ಹಿಡಿಸಿ, ಸೊಂಟದೆತ್ತರ ಸಾಕು. ಮರಳಿನ ಮೇಲೆ ಬಾರ್ ಕಟ್ಟಿದರೆ ಮಕ್ಕಳು ಬೆನ್ನ ಮೇಲೆ ಬೀಳಲು ನೋಡುತ್ತಾರೆ, ಮರಳು ಅದಕ್ಕಲ್ಲ.

ಫೈಬರ್ ಕೋಲು ಬಂದಾಗ

ಊರಿನ ದಾನಿಗಳು ಉತ್ಸಾಹದಿಂದ, ಬಾಗಿ ಮತ್ತೆ ನೆಟ್ಟಗಾಗುವ ಒಂದು ಫೈಬರ್ ಕೋಲು ಕೊಡಿಸುತ್ತಾರೆ, ಬಹುತೇಕ ಉದ್ದನೆಯದು, ದುಬಾರಿಯದು. ಅದನ್ನು ಬಾಗಿಸುವ ಮಗು ಆ ಊರಿನಲ್ಲಿರುವುದಿಲ್ಲ. ಅವರನ್ನು ಮೊದಲೇ ಭೇಟಿಯಾಗಿ ಚೀಟಿ ಕೊಡಿ: 3.05 ಮೀಟರ್ ಉದ್ದದ ಎರಡು, 3.35 ಮೀಟರ್‌ನ ಎರಡು, ತೂಕದ ಅಂಕಿಯಲ್ಲಿ (ಎಷ್ಟು ತೂಕದವರಿಗೆ ಆ ಕೋಲು ಎಂದು ಹೇಳುವ ಅಂಕಿ) ಸುಮಾರು ಐದೈದು ಕೆ.ಜಿ. ಅಂತರ. ಕೋಲಿನ ಮೇಲಿರುವ ಆ ಅಂಕಿಗಿಂತ ಮಗುವಿನ ತೂಕ ಹೆಚ್ಚಿರಬಾರದು. ಹಲವು ಕೋಲುಗಳಲ್ಲಿ ಅಂಕಿ ಪೌಂಡ್‌ನಲ್ಲಿರುತ್ತದೆ. 100 ಎಂದಿದ್ದರೆ ಅದು 45 ಕೆ.ಜಿ. ಈ ಗೊಂದಲದಲ್ಲಿ ಐವತ್ತೈದು ಕೆ.ಜಿ.ಯ ಹುಡುಗನ ಕೈಗೆ ಅಂಥ ಕೋಲು ಕೊಟ್ಟದ್ದನ್ನು ಕಂಡು ಓಡಿಹೋಗಿ ತಡೆದಿದ್ದೇನೆ.

ಕೋಣೆಗೆ ಹಿಡಿಸಲಿಲ್ಲವೆಂದು ಕೋಲನ್ನು ಕತ್ತರಿಸಬೇಡಿ. ಹಾಗೆ ಹಾಳಾದ ಒಂದು ಕೋಲು ಇನ್ನೂ ನನ್ನ ಮನಸ್ಸಿನಲ್ಲಿ ಕುಟುಕುತ್ತದೆ. ಶೂ ಮೊಳೆ ತಾಗಿ ಗೀರು ಬಿದ್ದ ಕೋಲು ಅಲ್ಲಿಯೇ ಮುರಿಯಬಹುದು. ಬಿಸಿಲಿಗೆ ಬಿಡದೆ, ಬೋರ್‌ವೆಲ್‌ಗೆ ಬಳಸುವ ಪಿವಿಸಿ ಪೈಪಿನಲ್ಲಿ ಮಲಗಿಸಿಡಿ.

ಫೈಬರ್ ಕೋಲಿನ ತುದಿ ಊರಲು ನೆಲದಲ್ಲಿ ಹೂತ ಲೋಹದ ಬಾಕ್ಸ್ ಬೇಕು. ಉದ್ದ ಒಂದು ಮೀಟರ್, ಮುಂದೆ 60 ಸೆಂಟಿಮೀಟರ್ ಅಗಲ, ಕೊನೆಯಲ್ಲಿ 15, ಅಲ್ಲಿ ಆಳ 20. ವೆಲ್ಡಿಂಗ್ ಅಂಗಡಿಯಲ್ಲಿ ಕೊನೆಯ ಗೋಡೆಯನ್ನು ನೆಟ್ಟಗೆ ನಿಲ್ಲಿಸಿಬಿಡುತ್ತಾರೆ. ಅದು ತಳಕ್ಕೆ 105 ಡಿಗ್ರಿ ಕೋನದಲ್ಲಿ ಹಿಂದಕ್ಕೆ ವಾಲಿರಬೇಕು, ಇಲ್ಲವಾದರೆ ಕೋಲು ಬಾಗುವಾಗ ಅಂಚಿಗೆ ತಗಲುತ್ತದೆ. ರಟ್ಟಿನಲ್ಲಿ ಕೋನ ಕತ್ತರಿಸಿ ಕೊಡಿ, ಬೆಸುಗೆ ಮುಗಿಯುವವರೆಗೆ ಅಲ್ಲೇ ನಿಲ್ಲಿ.

ಮ್ಯಾಟ್

ಬಾರ್ ದಾಟಿದವರು ಬೀಳುವುದು ಮ್ಯಾಟ್ ಮೇಲೆ. ಗಾದಿಗಳನ್ನು ಪೇರಿಸಿ ಮ್ಯಾಟ್ ಎನ್ನಬೇಡಿ. ಎರಡು ಗಾದಿಗಳ ನಡುವಿನ ಸಂದಿಗೆ ಕಾಲು ಸಿಕ್ಕರೆ ಪಾದ ತಿರುಚುತ್ತದೆ. ಸಣ್ಣ ಕೂಟಗಳಿಗೂ ಕನಿಷ್ಠ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಫೋಮ್ ಬೇಕು, ಬಾಕ್ಸಿನ ಎರಡೂ ಪಕ್ಕ ಮುಂಚಾಚುವ ತುಂಡುಗಳು ಬೇರೆ. ಎಲ್ಲದರ ಮೇಲೆ ಒಂದೇ ಹೊದಿಕೆ, ಬಾರ್ ಹೊರುವ ಸ್ಟ್ಯಾಂಡಿನ ಬುಡಕ್ಕೂ ಫೋಮ್. ಮರದ ಹಲಗೆಗಳ ಮೇಲಿಟ್ಟರೆ ಕೆಳಗೆ ಗಾಳಿಯಾಡುತ್ತದೆ. ನೀರು ಕುಡಿದ ಫೋಮ್ ಕಲ್ಲಿಗೆ ಸಮ. ಒಂದು ಶಾಲೆಗೆ ಇದು ಭರಿಸಲಾಗದ ಖರ್ಚು. ನಾಲ್ಕೈದು ಶಾಲೆಗಳು ಸೇರಿ ಒಂದೇ ಮ್ಯಾಟ್ ಕೊಂಡು, ಮಧ್ಯದ ಮೈದಾನದಲ್ಲಿಟ್ಟು, ಭಾನುವಾರ ಎಲ್ಲರೂ ಅಲ್ಲಿ ಸೇರುವುದು ನನಗೆ ತೋಚಿದ ಒಳ್ಳೆಯ ದಾರಿ. ವಿಶ್ವದಾಖಲೆಯ ಮೊಂಡೊ ಡುಪ್ಲಾಂಟಿಸ್ ಅಮೆರಿಕದ ಲಫಾಯೆಟ್‌ನಲ್ಲಿ ಬಾಲ್ಯದ ಜಿಗಿತ ಕಲಿತದ್ದು ಮನೆಯ ಹಿತ್ತಲಿನಲ್ಲಿ ಹಾಕಿದ್ದ ಮ್ಯಾಟ್ ಮೇಲೆ. ನಮಗೆ ಅಂಥ ಹಿತ್ತಲುಗಳಿಲ್ಲ, ಹಂಚಿಕೊಳ್ಳಬಹುದಾದ ಮೈದಾನಗಳಿವೆ.

ಮೊದಲ ಕೂಟ

ಮ್ಯಾಟ್ ಮೇಲೆ ಎರಡು ತಿಂಗಳು ಕಳೆದ ನಂತರ ಬಾರ್ ತನ್ನಿ. ಸಂಘಟಕರು ಮೊದಲ ಎತ್ತರವನ್ನೇ 2.50 ಮೀಟರ್‌ಗೆ ಇಟ್ಟು, ಅರ್ಧಕ್ಕೂ ಹೆಚ್ಚು ಮಕ್ಕಳನ್ನು ಮೂರು ವಿಫಲ ಯತ್ನಗಳೊಂದಿಗೆ ಬರಿಗೈಯಲ್ಲಿ ಮನೆಗೆ ಕಳುಹಿಸುತ್ತಾರೆ. ನಿಮ್ಮ ಕೂಟದಲ್ಲಿ 1.50ರಿಂದ ಆರಂಭಿಸಿ. ಹತ್ತತ್ತು ಸೆಂಟಿಮೀಟರ್ ಏರಿಸಿ, ಬಂದ ಪ್ರತಿ ಮಗುವೂ ಒಂದು ಎತ್ತರವನ್ನಾದರೂ ದಾಟಿದ ಮೇಲೆಯೇ ಸ್ಪರ್ಧೆಯ ಮಾತು. ದಾಟಿದ ಎತ್ತರವನ್ನು ಕಾರ್ಡಿನಲ್ಲಿ ಬರೆದು ಕೈಗೆ ಕೊಡಿ, ಮುಂದಿನ ಭಾನುವಾರ ಅದನ್ನು ತರಲು ಹೇಳಿ.